ಮೊತ್ತದಲ್ಲಿ ಕಾಣದವರು

ಅಮೆರಿಕದ ದಕ್ಷಿಣ ರಾಜ್ಯವೊಂದರ ರೈಲು ನಿಲ್ದಾಣದಲ್ಲಿ ಎರಡು ಮಾಸಲು ಕೋಣೆಗಳು. ಒಂದರ ಮೇಲೆ ‘ಮಹಿಳೆಯರಿಗೆ’ ಎಂಬ ಬೋರ್ಡು, ಇನ್ನೊಂದರ ಮೇಲೆ ‘ಬಣ್ಣದ ಜನರಿಗೆ’ ಎಂಬ ಬೋರ್ಡು. ಕಪ್ಪು ಹೆಂಗಸೊಬ್ಬಳು ಯಾವುದರೊಳಗೆ ಹೋಗಬೇಕು? ಅನ್ನಾ ಜೂಲಿಯಾ ಕೂಪರ್ 1892ರ ತಮ್ಮ ‘ಎ ವಾಯ್ಸ್ ಫ್ರಮ್ ದ ಸೌತ್’ ಪುಸ್ತಕದಲ್ಲಿ ಇದನ್ನು ಕೇಳಿದ್ದರು. ಬೋರ್ಡು ಬರೆದವನು ಅವಳನ್ನು ಬೇಕೆಂದೇ ಹೊರಗಿಟ್ಟಿರಲಾರ. ಅವನ ತಲೆಯಲ್ಲಿ ‘ಮಹಿಳೆ’ ಎಂದಾಗ ಬಿಳಿ ಹೆಂಗಸು ಬಂದಳು, ‘ಬಣ್ಣದ ಜನ’ ಎಂದಾಗ ಕಪ್ಪು ಗಂಡಸು ಬಂದ. ಎರಡೂ ಪದಕ್ಕೆ ಸೇರಿದವಳು ಎರಡರಲ್ಲೂ ಹೊಳೆಯಲಿಲ್ಲ, ಅಷ್ಟೆ.

ಈ ‘ಅಷ್ಟೆ’ಗೆ ಒಂದು ಹೆಸರು ಸಿಗಲು ಇನ್ನೂ 97 ವರ್ಷ ಹಿಡಿಯಿತು. ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್ಷಾ 1989ರ ಲೇಖನವೊಂದರಲ್ಲಿ ‘ಇಂಟರ್‌ಸೆಕ್ಷನಾಲಿಟಿ’ ಎಂಬ ಪದವನ್ನು ಚಲಾವಣೆಗೆ ತಂದರು. ಕನ್ನಡದಲ್ಲಿ ಇದನ್ನು ‘ಅಂತರ್‌ಛೇದೀಯತೆ’ ಎಂದರೆ ರೇಖಾಗಣಿತದ ಪಾಠ ಕೇಳಿದಂತಾಗುತ್ತದೆ. ಕ್ರೆನ್ಷಾ ಕೊಟ್ಟ ಚಿತ್ರ ಕೂಡುರಸ್ತೆಯದು. ನಾಲ್ಕೂ ಕಡೆಯಿಂದ ಗಾಡಿ ಬರುವ ಜಾಗದಲ್ಲಿ ನಿಂತವಳಿಗೆ ಪೆಟ್ಟು ಬೀಳುತ್ತದೆ. ಒಂದು ರಸ್ತೆಯ ಗಾಡಿ ಗುದ್ದಿರಬಹುದು, ಎರಡು ರಸ್ತೆಯವೂ ಒಟ್ಟಿಗೆ ಗುದ್ದಿರಬಹುದು. ಚಕ್ರದ ಗುರುತು ನೋಡಿ ಇಂಥವನೇ ಎಂದು ಬೆರಳು ತೋರಿಸಲು ಆಗದಿದ್ದರೆ ಯಾವ ಚಾಲಕನೂ ಹೊಣೆ ಹೊರುವುದಿಲ್ಲ. ಈ ಕೊನೆಯ ಭಾಗವನ್ನು ಬಿಟ್ಟು ಬರೀ ‘ಹಲವು ಗುರುತುಗಳು ಸೇರುವ ಜಾಗ’ ಎಂದು ಹೇಳುವವರೇ ಹೆಚ್ಚು. ಆದರೆ ಪದ ಹುಟ್ಟಿದ್ದೇ ಈ ಹೊಣೆಯ ಪ್ರಶ್ನೆಯಿಂದ, ಅದೂ ಕೋರ್ಟಿನ ಕಡತಗಳಿಂದ.

ಕಡತಗಳಲ್ಲಿ ಮುಖ್ಯವಾದದ್ದು 1976ರ ಡಿಗ್ರಾಫನ್‌ರೀಡ್ ವಿರುದ್ಧ ಜನರಲ್ ಮೋಟಾರ್ಸ್ ಪ್ರಕರಣ. ಐವರು ಕಪ್ಪು ಮಹಿಳೆಯರು ಕಂಪನಿಯ ಸೇವಾ ಹಿರಿತನದ ಪದ್ಧತಿಯ ವಿರುದ್ಧ ದಾವೆ ಹೂಡಿದ್ದರು. 1964ಕ್ಕೆ ಮೊದಲು ಕಂಪನಿ ಕಪ್ಪು ಮಹಿಳೆಯರನ್ನು ಕೆಲಸಕ್ಕೆ ತೆಗೆದುಕೊಂಡೇ ಇರಲಿಲ್ಲ. ಮುಂದೆ ಆರ್ಥಿಕ ಹಿಂಜರಿತ ಬಂದಾಗ, ಕೊನೆಗೆ ಸೇರಿದವರು ಮೊದಲು ಹೊರಗೆ ಎಂಬ ನಿಯಮದ ಪ್ರಕಾರ ಕಡಿತವಾಯಿತು. 1970ರ ನಂತರ ಸೇರಿದ್ದ ಕಪ್ಪು ಮಹಿಳೆಯರೆಲ್ಲರೂ ಕೆಲಸ ಕಳೆದುಕೊಂಡರು. ಕೋರ್ಟು ಲಿಂಗತಾರತಮ್ಯದ ವಾದವನ್ನು ತಳ್ಳಿಹಾಕಿತು, ಏಕೆಂದರೆ 1964ಕ್ಕೆ ಮೊದಲೂ ಕಂಪನಿಯಲ್ಲಿ ಮಹಿಳೆಯರಿದ್ದರು. ಬಿಳಿ ಮಹಿಳೆಯರು, ಕಚೇರಿ ಕೆಲಸಕ್ಕೆ. ಜನಾಂಗ ತಾರತಮ್ಯದ ವಾದವನ್ನು ಅದೇ ಕಂಪನಿಯ ಮೇಲಿದ್ದ ಇನ್ನೊಂದು ದಾವೆಯ ಜೊತೆ ಸೇರಿಸಿಕೊಳ್ಳಿ ಎಂದಿತು. ಎರಡನ್ನೂ ಒಟ್ಟಿಗೆ ಕಟ್ಟಿ ಹೊಸ ವರ್ಗವೊಂದನ್ನು ಸೃಷ್ಟಿಸಲು ಬಿಡಲಿಲ್ಲ. ಹಾಗೆ ಬಿಟ್ಟರೆ ಇಂಥ ಜೋಡಣೆಗಳಿಗೆ ಕೊನೆಯೇ ಇರುವುದಿಲ್ಲ ಎಂಬ ಭಯ ತೀರ್ಪಿನಲ್ಲೇ ಇದೆ.

ಕ್ರೆನ್ಷಾ ಚರ್ಚಿಸಿದ ಉಳಿದ ಎರಡು ಪ್ರಕರಣಗಳನ್ನು ಇದರ ಪಕ್ಕದಲ್ಲಿಟ್ಟರೆ ವ್ಯಂಗ್ಯ ಪೂರ್ತಿಯಾಗುತ್ತದೆ. ಹೆಲಿಕಾಪ್ಟರ್ ಕಂಪನಿಯೊಂದರ ಮೇಲೆ ನಡೆದ, 1983ರಲ್ಲಿ ತೀರ್ಮಾನವಾದ ಮೊಕದ್ದಮೆಯಲ್ಲಿ ಕಪ್ಪು ಮಹಿಳೆ ಎಲ್ಲ ಮಹಿಳೆಯರ ಪರವಾಗಿ ನಿಲ್ಲುವಂತಿಲ್ಲ ಎಂದಾಯಿತು. ಆಕೆ ಬಿಳಿ ಮಹಿಳೆಯರನ್ನು ಹೇಗೆ ಪ್ರತಿನಿಧಿಸಿಯಾಳು ಎಂಬ ಅನುಮಾನ. ಔಷಧ ಕಂಪನಿಯೊಂದರ ಪ್ರಕರಣದಲ್ಲಿ ಕಪ್ಪು ಮಹಿಳೆಯರು ಕಪ್ಪು ಗಂಡಸರ ಪರವಾಗಿ ನಿಲ್ಲುವಂತಿಲ್ಲ ಎಂದಾಯಿತು. ಒಂದು ಕಡೆ ‘ನೀವು ಬೇರೆಯೇನಲ್ಲ’, ಇನ್ನೊಂದು ಕಡೆ ‘ನೀವು ತೀರಾ ಬೇರೆ’. ಬಿಳಿ ಮಹಿಳೆ ‘ಮಹಿಳೆಯರ’ ಪರ ಮಾತಾಡಲು ಬಂದಾಗ ಯಾರೂ ಆಕೆಯ ಬಣ್ಣ ಕೇಳಿರಲಿಲ್ಲ.

ಇದು ನ್ಯಾಯಾಧೀಶರ ಮಂದದೃಷ್ಟಿ ಮಾತ್ರ ಎಂದುಕೊಂಡರೆ ಸಾಲದು. ಲೆಕ್ಕವೇ ಹೀಗೆ ಮೋಸ ಮಾಡಬಲ್ಲದು. ಒಂದು ಕಲ್ಪಿತ ಕಾರ್ಖಾನೆ ಇಟ್ಟುಕೊಳ್ಳಿ. 1,000 ಕೆಲಸಗಾರರು: ಬಿಳಿ ಗಂಡಸರು 500, ಕಪ್ಪು ಗಂಡಸರು 200, ಬಿಳಿ ಮಹಿಳೆಯರು 270, ಕಪ್ಪು ಮಹಿಳೆಯರು 30. ಕಡಿತದಲ್ಲಿ 145 ಮಂದಿ ಹೊರಬಿದ್ದರು: ಕ್ರಮವಾಗಿ 90, 10, 21, 24. ಈಗ ತನಿಖೆಗೆ ಬಂದ ಅಧಿಕಾರಿ ಮೊದಲು ಗಂಡು-ಹೆಣ್ಣು ನೋಡುತ್ತಾನೆ. ಗಂಡಸರಲ್ಲಿ 700ಕ್ಕೆ 100, ಅಂದರೆ ಶೇ 14.3. ಮಹಿಳೆಯರಲ್ಲಿ 300ಕ್ಕೆ 45, ಶೇ 15. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಆಮೇಲೆ ಬಣ್ಣ ನೋಡುತ್ತಾನೆ. ಬಿಳಿಯರಲ್ಲಿ 770ಕ್ಕೆ 111, ಶೇ 14.4. ಕಪ್ಪು ಜನರಲ್ಲಿ 230ಕ್ಕೆ 34, ಶೇ 14.8. ಇಲ್ಲೂ ಏನೂ ಇಲ್ಲ. ಎರಡೂ ಪರೀಕ್ಷೆ ಪಾಸು, ಕಡತ ಮುಚ್ಚಬಹುದು. ಕಪ್ಪು ಮಹಿಳೆಯರ ಖಾನೆಯಲ್ಲಿ 30ಕ್ಕೆ 24, ಶೇ 80.

ಹೇಗೆ ಮುಚ್ಚಿಹೋಯಿತು? ಬಿಳಿ ಮಹಿಳೆಯರ ಕಡಿತ ಶೇ 8ಕ್ಕೂ ಕಡಿಮೆ, ಅವರ ಸಂಖ್ಯೆಯೂ ದೊಡ್ಡದು; ಹಾಗಾಗಿ ‘ಮಹಿಳೆಯರು’ ಎಂಬ ಸರಾಸರಿಯನ್ನು ಅವರು ಕೆಳಕ್ಕೆ ಎಳೆದರು. ಕಪ್ಪು ಗಂಡಸರದು ಶೇ 5. ‘ಕಪ್ಪು ಜನರು’ ಎಂಬ ಸರಾಸರಿಯನ್ನು ಅವರು ಎಳೆದರು. ಎರಡು ಮೊತ್ತಗಳಲ್ಲೂ ಸೇರಿದ್ದ ಆ 24 ಹೆಸರುಗಳು ಎರಡರಲ್ಲೂ ಕರಗಿದವು. ಯಾರೂ ಅಂಕಿ ತಿದ್ದಲಿಲ್ಲ. ಕೂಡಿಸಿದ ಕ್ರಮವೇ ಅವರನ್ನು ಅಳಿಸಿತು. ಅಸಮಾನತೆಯನ್ನು ಅಳೆಯುವವರು ಇಂಟರ್‌ಸೆಕ್ಷನಾಲಿಟಿಯಿಂದ ಕಲಿಯಬೇಕಾದ ಮೊದಲ ಅಭ್ಯಾಸ ಇದೇ: ಬದಿಯ ಮೊತ್ತಗಳನ್ನು ನೋಡುವ ಮೊದಲು ಒಳಗಿನ ಖಾನೆಗಳನ್ನು ನೋಡುವುದು.

ಕಾರ್ಖಾನೆ ಕಲ್ಪಿತ, ಆದರೆ ತಂತ್ರಜ್ಞಾನದಲ್ಲಿ ಇದು ನಡೆದೇಹೋಗಿದೆ. ಜಾಯ್ ಬೂಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ವಾಣಿಜ್ಯ ವ್ಯವಸ್ಥೆಗಳನ್ನು ಪರೀಕ್ಷಿಸಿದರು. ಆಫ್ರಿಕಾದ ಮೂರು, ಯುರೋಪಿನ ಮೂರು ದೇಶಗಳ ಸಂಸದರ 1,270 ಚಿತ್ರಗಳು. ಒಟ್ಟಾರೆ ನಿಖರತೆ ಶೇ 88ರಿಂದ 94ರ ಆಸುಪಾಸು. ಜಾಹೀರಾತಿಗೆ ಹಾಕಿಕೊಳ್ಳಬಹುದಾದ ಅಂಕಿ. ಚರ್ಮದ ಛಾಯೆ ಮತ್ತು ಲಿಂಗ ಎರಡನ್ನೂ ಒಟ್ಟಿಗೆ ಇಟ್ಟು ಒಡೆದಾಗ, ತಿಳಿಬಣ್ಣದ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ಶೇ 0.8, ಗಾಢಬಣ್ಣದ ಮಹಿಳೆಯರಲ್ಲಿ ಶೇ 34.7ರವರೆಗೆ. ಇನ್ನೊಂದು ಸಂಗತಿಯನ್ನು ಹೆಚ್ಚು ಜನ ಗಮನಿಸುವುದಿಲ್ಲ: ಅದುವರೆಗೆ ಬಳಕೆಯಲ್ಲಿದ್ದ ಪರೀಕ್ಷಾ ಚಿತ್ರಸಂಗ್ರಹಗಳಲ್ಲೇ ತಿಳಿಬಣ್ಣದ ಮುಖಗಳು ತುಂಬಿದ್ದವು. ಅಳತೆಗೋಲೇ ಒಂದು ಕಡೆ ವಾಲಿದ್ದರೆ ಉತ್ತರ ಪತ್ರಿಕೆಗೆ ಒಳ್ಳೆಯ ಅಂಕ ಬರುವುದು ಸಹಜ.

ಹಾಗಾದರೆ ಎಲ್ಲವನ್ನೂ ಒಡೆಯುತ್ತಾ ಹೋದರಾಯಿತಲ್ಲ ಎನ್ನಿಸಬಹುದು. ಇಲ್ಲೇ ಕೈ ಸುಡುವುದು. 2,000 ಜನರ ಸಮೀಕ್ಷೆಯೊಂದನ್ನು ಲಿಂಗ ಎರಡು, ಸಮುದಾಯ ಐದು, ಆದಾಯದ ಮೆಟ್ಟಿಲು ಐದು, ಅಂಗವೈಕಲ್ಯ ಇದೆ-ಇಲ್ಲ ಎಂದು ಎರಡು, ಹೀಗೆ ಒಡೆದರೆ 100 ಖಾನೆಗಳಾಗುತ್ತವೆ. ಖಾನೆಗೆ ಸರಾಸರಿ 20 ಮಂದಿ. ಒಟ್ಟು 2,000ಕ್ಕೆ ಶೇಕಡಾ ಎರಡು ಅಂಶದಷ್ಟಿದ್ದ ಅನಿಶ್ಚಿತತೆ 20 ಮಂದಿಯ ಖಾನೆಯಲ್ಲಿ ಎರಡೂ ಕಡೆಗೆ 22 ಅಂಶದಷ್ಟಾಗುತ್ತದೆ. ಅಂದರೆ ಶೇ 50 ಎಂದು ಬಂದ ಉತ್ತರ 28ರಿಂದ 72ರ ನಡುವೆ ಎಲ್ಲಿಯಾದರೂ ಇರಬಹುದು. ಅದೂ ಸರಾಸರಿ ಖಾನೆಯಲ್ಲಿ. ನಿಜಕ್ಕೂ ನಾವು ನೋಡಬೇಕೆಂದಿದ್ದ ಖಾನೆಯಲ್ಲಿ ಮೂವರೋ ಇಬ್ಬರೋ ಇರುತ್ತಾರೆ. ಅಷ್ಟು ಕಡಿಮೆ ಜನರಿದ್ದರೆ ಗುರುತು ಬಯಲಾಗುತ್ತದೆಂದು ಅಂಕಿಅಂಶ ಸಂಸ್ಥೆಗಳು ಆ ಖಾನೆಯನ್ನು ಪ್ರಕಟಿಸುವುದೇ ಇಲ್ಲ. ಗೌಪ್ಯತೆಯ ಕಾಳಜಿ ನ್ಯಾಯವಾದದ್ದೇ. ಫಲಿತಾಂಶ ಮಾತ್ರ ರೈಲು ನಿಲ್ದಾಣದ ಫಲಿತಾಂಶವೇ.

ಇದಕ್ಕೆ ಇರುವ ಮದ್ದುಗಳು ನಾಲ್ಕಾರು, ಯಾವುದೂ ಪುಕ್ಕಟೆಯಲ್ಲ. ಐದು ವರ್ಷದ ಸಮೀಕ್ಷೆಗಳನ್ನು ಒಟ್ಟು ಸೇರಿಸಿದರೆ ಖಾನೆಗೆ 100 ಮಂದಿ ಸಿಗುತ್ತಾರೆ, ಅನಿಶ್ಚಿತತೆ 10 ಅಂಶದ ಹತ್ತಿರ ಬರುತ್ತದೆ. ಆದರೆ ಆ ಐದು ವರ್ಷಗಳ ಒಳಗೆ ಆದ ಏರಿಳಿತ ಕಾಣದಾಗುತ್ತದೆ. ಸಣ್ಣ ಗುಂಪಿನವರನ್ನೇ ಹೆಚ್ಚಾಗಿ ಆರಿಸಿ ಮಾತಾಡಿಸಬಹುದು; ಆಗ ಒಟ್ಟು ಅಂಕಿ ತೆಗೆಯುವಾಗ ಅವರ ತೂಕವನ್ನು ಮತ್ತೆ ಇಳಿಸಬೇಕು. ಇದನ್ನು ಮರೆತವರ ವರದಿಯಲ್ಲಿ ಇಡೀ ದೇಶದ ಸರಾಸರಿಯೇ ತಿರುಚಿಹೋಗಿರುತ್ತದೆ. ಎಲ್ಲ ಖಾನೆಗಳ ಅಂಕಿಯನ್ನೂ ಒಟ್ಟಿಗೆ ಬಳಸಿ ಪ್ರತಿ ಖಾನೆಯನ್ನು ಅಂದಾಜಿಸುವ ಬಹುಸ್ತರ ಮಾದರಿಗಳನ್ನು ಬಳಸಿದರೆ ಸಣ್ಣ ಖಾನೆಯ ಅಂದಾಜು ಅಲುಗಾಡುವುದು ನಿಲ್ಲುತ್ತದೆ, ಏಕೆಂದರೆ ಮಾದರಿ ಅದನ್ನು ಉಳಿದವರಿಂದ ಕಟ್ಟಿದ ಅಂದಾಜಿನ ಕಡೆಗೆ ಎಳೆಯುತ್ತದೆ. ಖಾನೆ ಸಣ್ಣದಾದಷ್ಟೂ ಎಳೆತ ಜಾಸ್ತಿ. ಅಪರೂಪದ ಗುಂಪಿನ ಅಪರೂಪದ ಅನುಭವ ಈ ಎಳೆತದಲ್ಲೇ ಸಪಾಟಾಗಬಹುದು ಎಂಬುದನ್ನು ಬಳಸುವವರು ಹೇಳಬೇಕು, ಹೇಳುವವರು ಕಡಿಮೆ. ಮೂವರೇ ಸಿಕ್ಕರೆ ಶೇಕಡಾವಾರು ತೆಗೆಯುವ ಹಟ ಬಿಟ್ಟು ಆ ಮೂವರೊಡನೆ ದೀರ್ಘವಾಗಿ ಮಾತಾಡುವುದು ಎಷ್ಟೋ ಮೇಲು. ಅಂದಹಾಗೆ, ನಮ್ಮ ಕಲ್ಪಿತ ಕಾರ್ಖಾನೆಯಲ್ಲಿ ಆ ತೊಡಕಿಲ್ಲ. 30ಕ್ಕೆ 24 ಎಂಬುದನ್ನು ದೊಡ್ಡ ಗುಂಪಿನಿಂದ ಆರಿಸಿದ ಸಣ್ಣ ನಮೂನೆ ಎಂದು ಹಿಡಿದರೂ ಅನಿಶ್ಚಿತತೆಯ ವ್ಯಾಪ್ತಿ ಸುಮಾರು ಶೇ 63ರಿಂದ 90. ಒಟ್ಟು ಸರಾಸರಿ 14.5ರಿಂದ ಅದು ಬಹಳ ದೂರ. ಗುಂಪು ಸಣ್ಣದು ಎಂಬ ನೆಪ ಎಲ್ಲ ಕಡೆಯೂ ನಡೆಯುವುದಿಲ್ಲ.

ಸಂಖ್ಯಾಶಾಸ್ತ್ರ ಬಲ್ಲವರೂ ಜಾರುವ ಇನ್ನೊಂದು ಜಾಗವಿದೆ. ಎರಡು ತಾರತಮ್ಯಗಳು ಸೇರಿದಾಗ ಪೆಟ್ಟು ‘ಮೊತ್ತಕ್ಕಿಂತ ಹೆಚ್ಚು’ ಆದರೆ ಮಾತ್ರ ಇಂಟರ್‌ಸೆಕ್ಷನಾಲಿಟಿ ಸಾಬೀತಾಯಿತು, ಇಲ್ಲದಿದ್ದರೆ ಸುಳ್ಳಾಯಿತು ಎಂಬ ನಂಬಿಕೆ. ಮೇಲಿನ ಗುಂಪಿನ ಕೂಲಿ 100 ಎನ್ನಿ. ಒಂದು ಕಾರಣಕ್ಕೆ 20 ಕಡಿಮೆ, ಇನ್ನೊಂದು ಕಾರಣಕ್ಕೂ 20 ಕಡಿಮೆ. ಕಳೆಯುವ ಲೆಕ್ಕದಲ್ಲಿ ಎರಡೂ ಇರುವವರಿಗೆ 60 ಸಿಗಬೇಕು. ಗುಣಿಸುವ ಲೆಕ್ಕದಲ್ಲಿ ನೂರರ ಶೇ 80ರ ಮತ್ತೆ ಶೇ 80, ಅಂದರೆ 64. ನಿಜವಾಗಿ ಅವರ ಕೈಗೆ ಬರುತ್ತಿರುವುದು 62 ಆಗಿದ್ದರೆ? ಮೊದಲ ಲೆಕ್ಕದವರು ‘ನಿರೀಕ್ಷೆಗಿಂತ ಎರಡು ಹೆಚ್ಚೇ ಸಿಕ್ಕಿದೆ’ ಎನ್ನುತ್ತಾರೆ, ಎರಡನೆಯವರು ‘ಎರಡು ಕಡಿಮೆ’ ಎನ್ನುತ್ತಾರೆ. ಕೂಲಿ ಅದೇ, ಕೈ ಅದೇ. ಹೀಗಾಗಿ ಸಮೀಕರಣದ ಒಂದು ಪದದ ಮೇಲೆ ಇಡೀ ವಾದವನ್ನು ನಿಲ್ಲಿಸುವುದು ಎರಡೂ ಕಡೆಯವರಿಗೆ ಒಳ್ಳೆಯದಲ್ಲ. ಆ 38ರ ಕೊರತೆ ಯಾವ ನಿಯಮದಿಂದ, ಯಾರ ನಿರ್ಧಾರದಿಂದ, ಯಾವ ಹಂತದಲ್ಲಿ ಹುಟ್ಟಿತು ಎನ್ನುವುದೇ ಕೆಲಸಕ್ಕೆ ಬರುವ ಪ್ರಶ್ನೆ.

ನಿಯಮಗಳ ಕಡೆ ತಿರುಗಿದರೆ ಈ ವಿಧಾನದ ಹರಿತ ಇನ್ನೂ ಚೆನ್ನಾಗಿ ಕಾಣುತ್ತದೆ. ಕ್ರೆನ್ಷಾ 1991ರಲ್ಲಿ ಬರೆದ ಎರಡನೆಯ ಲೇಖನದ ಉದಾಹರಣೆ ನೋಡಿ. ಅಮೆರಿಕದ 1986ರ ತಿದ್ದುಪಡಿಯ ಪ್ರಕಾರ, ಮದುವೆಯ ಮೂಲಕ ವಲಸೆ ಬಂದವರಿಗೆ ಮೊದಲ ಎರಡು ವರ್ಷ ಷರತ್ತುಬದ್ಧ ವಾಸ. ಕಾಯಂ ವಾಸಕ್ಕೆ ಗಂಡ ಹೆಂಡತಿ ಒಟ್ಟಿಗೆ ಅರ್ಜಿ ಹಾಕಬೇಕು. ಉದ್ದೇಶ ಸುಳ್ಳು ಮದುವೆ ತಡೆಯುವುದು. ಗಂಡ ಹೊಡೆಯುತ್ತಿದ್ದರೂ ಗಡೀಪಾರಿನ ಹೆದರಿಕೆಯಿಂದ ಹೆಂಡತಿ ಅವನ ಜೊತೆಗೇ ಉಳಿಯಬೇಕಾಯಿತು. ಇದು ಗೊತ್ತಾಗಿ 1990ರಲ್ಲಿ ವಿನಾಯಿತಿ ತಂದರು: ಹಿಂಸೆಗೆ ಪುರಾವೆ ಕೊಟ್ಟರೆ ಜಂಟಿ ಅರ್ಜಿ ಬೇಡ. ಪುರಾವೆ ಅಂದರೆ ಪೊಲೀಸರ, ವೈದ್ಯರ, ಮನಶ್ಶಾಸ್ತ್ರಜ್ಞರ, ಸಮಾಜ ಸೇವಾ ಸಂಸ್ಥೆಗಳ ಕಾಗದ. ಈಗ ಈ ಹಂತಗಳಲ್ಲಿ ಒಬ್ಬಳನ್ನು ನಡೆಸಿಕೊಂಡು ಹೋಗಿ. ಭಾಷೆ ಬಾರದು, ಫೋನು ಗಂಡನ ಕೈಯಲ್ಲಿ, ಪೊಲೀಸರೆಂದರೆ ಗಡೀಪಾರು ಮಾಡುವವರೆಂಬ ಭಯ, ತನಗೆ ವಿನಾಯಿತಿ ಇದೆ ಎಂದು ಹೇಳುವವರೇ ಇಲ್ಲ. ವಿನಾಯಿತಿ ಎಲ್ಲರಿಗೂ ಒಂದೇ. ಅದನ್ನು ದಾಟಲು ಬೇಕಾದ ಸಾಮಾನುಗಳು ಮಾತ್ರ ಎಲ್ಲರ ಬಳಿ ಇಲ್ಲ. ಇಂಗ್ಲಿಷ್ ಬರುವುದಿಲ್ಲವೆಂದು ಆಶ್ರಯಧಾಮವೊಂದು ಸ್ಪ್ಯಾನಿಷ್ ಮಾತಾಡುವ ಹೆಂಗಸನ್ನು ವಾಪಸು ಕಳಿಸಿದ ಪ್ರಸಂಗವೂ ಅದೇ ಲೇಖನದಲ್ಲಿದೆ.

ಯಾವುದೇ ಯೋಜನೆ, ಅರ್ಜಿ ನಮೂನೆ, ನೇಮಕಾತಿ ನಿಯಮವನ್ನು ಹೀಗೇ ಬಿಚ್ಚಿ ನೋಡಬಹುದು. ಪ್ರತಿ ಹಂತದ ಪಕ್ಕದಲ್ಲಿ ‘ಇದನ್ನು ದಾಟಲು ಏನಿರಬೇಕು?’ ಎಂದು ಬರೆದುಕೊಳ್ಳುವುದು: ಎಷ್ಟು ಹೊತ್ತು, ಯಾವ ಭಾಷೆ, ಯಾರ ಸಹಿ, ಯಾವ ದಾಖಲೆ, ಒಬ್ಬಳೇ ಹೋಗಿಬರುವ ಸ್ವಾತಂತ್ರ್ಯ, ಮೆಟ್ಟಿಲು ಹತ್ತುವ ಕಾಲು. ಆಮೇಲೆ ಬೇರೆ ಬೇರೆ ಸ್ಥಿತಿಯ ಜನರನ್ನು ಆ ಮೆಟ್ಟಿಲುಗಳ ಮೇಲೆ ನಡೆಸುವುದು. ಎಲ್ಲಿ ಯಾರು ನಿಂತರು ಎಂಬುದರಷ್ಟೇ ಮುಖ್ಯ, ಯಾರು ಯಾವ ಮೆಟ್ಟಿಲೂ ಕಾಣದಂತೆ ಸಲೀಸಾಗಿ ದಾಟಿದರು ಎಂಬುದು. ಆ ಎರಡನೆಯದನ್ನೇ ಜನ ಬಿಟ್ಟುಬಿಡುತ್ತಾರೆ. ಅಧಿಕಾರ ಇರುವುದು ಅಲ್ಲಿ. ಹೊರಗುಳಿದವರ ಪಟ್ಟಿ ಮಾಡಿ ಕನಿಕರ ತೋರುವುದು ಸುಲಭ. ನಿಯಮ ಯಾರ ದೇಹದ ಅಳತೆಗೆ ಹೊಲಿದ ಅಂಗಿ ಎಂದು ಹೇಳುವುದಕ್ಕೆ ಧೈರ್ಯ ಬೇಕು. ಕಾನೂನು ಚಿಂತಕಿ ಮಾರಿ ಮಾಟ್ಸುದಾ 1991ರಲ್ಲಿ ಸೂಚಿಸಿದ ಕಸರತ್ತು ಇಲ್ಲಿ ನೆರವಾಗುತ್ತದೆ. ಜನಾಂಗದ್ವೇಷದಂತೆ ಕಾಣುವುದರಲ್ಲಿ ಗಂಡಾಳಿಕೆ ಎಲ್ಲಿದೆ ಎಂದು ಕೇಳುವುದು, ಲಿಂಗತಾರತಮ್ಯದಂತೆ ಕಾಣುವುದರಲ್ಲಿ ಗಂಡು-ಹೆಣ್ಣಿನ ಸಂಬಂಧವೊಂದೇ ಸಹಜ ಎಂಬ ಪೂರ್ವಗ್ರಹ ಎಲ್ಲಿದೆ ಎಂದು ಕೇಳುವುದು, ಸಲಿಂಗಿಗಳ ದ್ವೇಷದಂತೆ ಕಾಣುವುದರಲ್ಲಿ ವರ್ಗದ ಹಿತಾಸಕ್ತಿ ಎಲ್ಲಿದೆ ಎಂದು ಕೇಳುವುದು. ಕಾಣುತ್ತಿರುವುದನ್ನು ಬಿಟ್ಟು, ಕಾಣದಿರುವುದನ್ನು ಕೇಳುವ ಅಭ್ಯಾಸ.

ಹೋರಾಟದ ಸಂಘಟನೆಗಳೂ ಇದರಿಂದ ಹೊರತಲ್ಲ. ಲಾಸ್ ಏಂಜಲೀಸಿನಲ್ಲಿ ಮನೆಯೊಳಗಿನ ಹಿಂಸೆಯ ಅಂಕಿಗಳನ್ನು ಪೊಲೀಸ್ ವಲಯವಾರು ಕೇಳಿದಾಗ ಇಲಾಖೆ ಕೊಡಲಿಲ್ಲ ಎಂದು ಕ್ರೆನ್ಷಾ ಬರೆಯುತ್ತಾರೆ. ಅಂಕಿ ಹೊರಬಂದರೆ ಇದು ಅಲ್ಪಸಂಖ್ಯಾತರ ಸಮಸ್ಯೆ ಎಂದು ಕೈತೊಳೆದುಕೊಳ್ಳುತ್ತಾರೆಂದು ಮಹಿಳಾ ಹೋರಾಟಗಾರರಿಗೆ ಅಂಜಿಕೆ. ನಮ್ಮ ಗಂಡಸರೆಲ್ಲ ಹಿಂಸಕರೆಂಬ ಹಣೆಪಟ್ಟಿ ಗಟ್ಟಿಯಾಗುತ್ತದೆಂದು ಸಮುದಾಯದ ಮುಖಂಡರಿಗೆ ಅಂಜಿಕೆ. ಎರಡು ಅಂಜಿಕೆಗಳಿಗೂ ಆಧಾರವಿತ್ತು. ಎರಡೂ ಸೇರಿ ಮುಚ್ಚಿದ್ದು ಒಂದೇ ಗುಂಪಿನ ಬಾಯಿಯನ್ನು.

ಕೂಡುರಸ್ತೆಯ ಚಿತ್ರಕ್ಕೂ ಒಂದು ಮಿತಿಯಿದೆ, ಅದನ್ನು ಮುಚ್ಚಿಡಬೇಕಿಲ್ಲ. ರಸ್ತೆಗಳು ಕೂಡುವ ಮೊದಲು ಬೇರೆ ಬೇರೆಯಾಗಿದ್ದವು ಎಂದು ಆ ಚಿತ್ರ ಒಪ್ಪಿಕೊಂಡುಬಿಡುತ್ತದೆ. ಅಂಬೇಡ್ಕರ್ 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದಾಗ ಜಾತಿಯ ಬಗ್ಗೆ ಮಂಡಿಸಿದ ಪ್ರಬಂಧ ಇದಕ್ಕಿಂತ ಆಳಕ್ಕೆ ಇಳಿಯುತ್ತದೆ. ಜಾತಿ ನಿಂತಿರುವುದು ಒಳಮದುವೆಯ ಮೇಲೆ. ಒಳಮದುವೆ ನಡೆಯಬೇಕಾದರೆ ಗುಂಪಿನೊಳಗೆ ಮದುವೆಯ ವಯಸ್ಸಿನ ಗಂಡು ಹೆಣ್ಣುಗಳ ಸಂಖ್ಯೆ ಸರಿದೂಗಬೇಕು. ಗಂಡ ಸತ್ತರೆ ಒಬ್ಬಳು ‘ಹೆಚ್ಚುವರಿ’ ಆಗುತ್ತಾಳೆ. ಸತಿ, ಬಲವಂತದ ವೈಧವ್ಯ ಆ ಹೆಚ್ಚುವರಿಗೆ ಕಂಡುಕೊಂಡ ದಾರಿಗಳು. ಹೆಂಡತಿ ಸತ್ತ ಗಂಡಸಿಗೆ ಇನ್ನೂ ಮದುವೆಯ ವಯಸ್ಸಿಗೆ ಬಾರದ ಹುಡುಗಿಯನ್ನು ತಂದು ಕೊಡುವುದು ಇನ್ನೊಂದು ದಾರಿ. ಇಲ್ಲಿ ಜಾತಿ ಒಂದು ರಸ್ತೆ, ಲಿಂಗ ಇನ್ನೊಂದು ರಸ್ತೆ ಎನ್ನಲು ಬರುವುದಿಲ್ಲ. ಒಂದು ರಸ್ತೆಗೆ ಹಾಸಿದ ಕಲ್ಲು ಇನ್ನೊಂದರದ್ದು. ಹೆಣ್ಣಿನ ಮೇಲಿನ ಹಿಡಿತ ಸಡಿಲವಾದರೆ ಜಾತಿಯ ಗಡಿಯೇ ನಿಲ್ಲುವುದಿಲ್ಲ ಎಂದಾಗ, ‘ಮೊದಲು ಯಾವ ತಾರತಮ್ಯ ಬಗೆಹರಿಸೋಣ’ ಎಂಬ ಪ್ರಶ್ನೆ ಅರ್ಥ ಕಳೆದುಕೊಳ್ಳುತ್ತದೆ.

ಈ ಪದದ ಹೆಸರಲ್ಲಿ ನಡೆಯುವ ತಪ್ಪು ಬಳಕೆಗಳ ಮಾತನ್ನು ಬೇಗ ಮುಗಿಸಬಹುದು. ಯಾರಿಗೆ ಎಷ್ಟು ಗುರುತುಗಳಿವೆ ಎಂದು ಎಣಿಸಿ ಅಂಕ ಹಂಚುವುದು ಇದಲ್ಲ. ಭಾಷಣದಲ್ಲಿ ಜಾತಿ, ವರ್ಗ, ಲಿಂಗ, ಧರ್ಮ, ಅಂಗವೈಕಲ್ಯ ಎಂದು ಉಸಿರು ಕಟ್ಟಿ ಹೇಳಿ ಮುಂದೆ ಹೋಗುವುದೂ ಅಲ್ಲ. ಒಂದು ಗುರುತಿನಲ್ಲಿ ಮೇಲಿದ್ದು ಇನ್ನೊಂದರಲ್ಲಿ ಕೆಳಗಿರುವವರ ಸ್ಥಿತಿಯೂ ಇದರೊಳಗೇ ಬರುತ್ತದೆ. ‘ಎಲ್ಲಕ್ಕಿಂತ ತುಳಿತಕ್ಕೊಳಗಾದವರ ಅಧ್ಯಯನ’ ಎಂದು ಕುಗ್ಗಿಸುವುದು ತಪ್ಪು.

ಕಾನೂನುಗಳು ಈ ಮಾತನ್ನು ಎಷ್ಟು ಕೇಳಿಸಿಕೊಂಡವು? ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯ 14ನೇ ಸೆಕ್ಷನ್ನಿನಲ್ಲಿ ಎರಡು ಕಾರಣಗಳು ಸೇರಿದ ತಾರತಮ್ಯಕ್ಕೆ ಜಾಗ ಕೊಟ್ಟರು. ಏಳು ಲಕ್ಷಣಗಳಲ್ಲಿ ಯಾವುದಾದರೂ ಎರಡು, ಮೂರಕ್ಕೆ ಅವಕಾಶವಿಲ್ಲ. ಆ ಸೆಕ್ಷನ್ ದಶಕ ಕಳೆದರೂ ಜಾರಿಗೆ ಬರಲಿಲ್ಲ. ಭಾರತದ ಸುಪ್ರೀಂ ಕೋರ್ಟು 2021ರ ಏಪ್ರಿಲ್ 27ರ ತೀರ್ಪಿನಲ್ಲಿ ಇಂಟರ್‌ಸೆಕ್ಷನಾಲಿಟಿಯನ್ನು ಹೆಸರು ಹೇಳಿ ವಿಸ್ತಾರವಾಗಿ ಚರ್ಚಿಸಿತು. ಸಂತ್ರಸ್ತೆ ಹುಟ್ಟಿನಿಂದ ದೃಷ್ಟಿಯಿಲ್ಲದ, ಪರಿಶಿಷ್ಟ ಜಾತಿಯ ಮಹಿಳೆ. ಅತ್ಯಾಚಾರದ ಶಿಕ್ಷೆ, ಜೀವಾವಧಿ, ಉಳಿಯಿತು. ದೌರ್ಜನ್ಯ ತಡೆ ಕಾಯ್ದೆಯ ಶಿಕ್ಷೆ ಮಾತ್ರ ರದ್ದಾಯಿತು, ಏಕೆಂದರೆ ಅಪರಾಧ ನಡೆದಾಗ ಇದ್ದ ಸೆಕ್ಷನ್ ಪ್ರಕಾರ ಆಕೆ ಪರಿಶಿಷ್ಟ ಜಾತಿಯವಳು ‘ಎಂಬ ಕಾರಣಕ್ಕೆ’ ಕೃತ್ಯ ನಡೆಯಿತೆಂದು ಪ್ರತ್ಯೇಕವಾಗಿ ತೋರಿಸಬೇಕಿತ್ತು. ಮೂರು ಗುರುತುಗಳೂ ಒಟ್ಟಿಗೆ ಕೆಲಸ ಮಾಡುವಾಗ ಒಂದನ್ನು ಬೇರ್ಪಡಿಸಿ ತೋರಿಸುವುದು ಎಷ್ಟು ಕಷ್ಟ ಎಂದು ಅದೇ ತೀರ್ಪು ಒಪ್ಪಿಕೊಳ್ಳುತ್ತದೆ. 2016ರ ಜನವರಿ 26ರಿಂದ ಜಾರಿಯಾದ ತಿದ್ದುಪಡಿ ‘ಎಂಬ ಕಾರಣಕ್ಕೆ’ ಎಂಬುದನ್ನು ತೆಗೆದು ‘ಎಂದು ತಿಳಿದಿದ್ದು’ ಎಂದು ಮಾಡಿತ್ತು. ಎರಡು ಪದಗಳ ವ್ಯತ್ಯಾಸ, ಆ ಪ್ರಕರಣಕ್ಕೆ ತಡವಾಗಿ ಬಂದದ್ದು.

ಜನರಲ್ ಮೋಟಾರ್ಸ್ ವಿರುದ್ಧ ದಾವೆ ಹೂಡಿದ್ದ ಆ ಐವರು ಕಾರ್ಮಿಕರ ಪ್ರಕರಣ 1976ಕ್ಕೆ ಮುಗಿಯಲಿಲ್ಲ. ಮೇಲ್ಮನವಿ ಕೋರ್ಟು 1977ರಲ್ಲಿ ಕೆಳಕೋರ್ಟಿನ ತರ್ಕವನ್ನು ತಾನು ಪೂರ್ತಿಯಾಗಿ ಒಪ್ಪುವುದಿಲ್ಲ ಎಂದು ಹೇಳಿತು. ಆದರೂ ಅವರು ಗೆಲ್ಲಲಿಲ್ಲ. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟು ಟೀಮ್‌ಸ್ಟರ್ಸ್ ಎಂಬ ಕಾರ್ಮಿಕ ಸಂಘದ ಪ್ರಕರಣದಲ್ಲಿ, ಪ್ರಾಮಾಣಿಕವಾಗಿ ನಡೆಸಿದ ಸೇವಾ ಹಿರಿತನದ ಪದ್ಧತಿ, 1964ರ ನಾಗರಿಕ ಹಕ್ಕುಗಳ ಕಾಯ್ದೆ ಬರುವ ಮೊದಲಿನ ತಾರತಮ್ಯವನ್ನು ಮುಂದುವರಿಸಿದರೂ ಅಕ್ರಮವಲ್ಲ ಎಂದಿತ್ತು. ಕಪ್ಪು ಮಹಿಳೆಯರನ್ನು ಪ್ರತ್ಯೇಕ ಗುಂಪಾಗಿ ಒಪ್ಪಿಕೊಂಡಿದ್ದರೂ ಈ ಗೋಡೆ ಎದುರಿಗೆ ಇದ್ದೇ ಇತ್ತು. ಬಾಗಿಲು ಮುಚ್ಚಿದ್ದ ವರ್ಷಗಳಲ್ಲಿ ಬೇರೆಯವರು ಕೂಡಿಟ್ಟ ಸೇವಾವಧಿ ಹಾಜರಿ ಪುಸ್ತಕದಲ್ಲಿ ಹಾಗೇ ಉಳಿಯಿತು. ಅವರ ಹೆಸರಿನ ಮುಂದೆ ಕೆಲಸಕ್ಕೆ ಸೇರಿದ ತಾರೀಖು ಬದಲಾಗಲಿಲ್ಲ.